ಆ ಮಾತನ್ನು ನಾನು ಅನುವಾದಿಸಲಿಲ್ಲ

ಪುಣೆ ಹತ್ತಿರದ ಶಿರೂರಿನಲ್ಲಿದ್ದೇನೆ ಎಂದರೆ ಊರ ಕಡೆಯವರು ಮೊದಲು ಕೇಳುವುದು "ಯಾವ ಶಿರೂರು?" ಎಂದೇ. ನಮ್ಮವರಿಗೆ ಉಡುಪಿಯ ಮಠದ ಶಿರೂರು ಗೊತ್ತು, ಬಾಗಲಕೋಟೆ ಕಡೆಯ ಶಿರೂರು ಗೊತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗದಗಿನಿಂದ ನನಗೆ ಆರೇಳು ಫೋನು ಬಂದವು. "ಎಲ್ಲಾರೂ ಅರಾಮ ಅದೀರಿಲ್ಲೋ?" ನಮ್ಮ ಶಿರೂರು ಬೇರೆ, ಇದು ಪುಣೆಯಿಂದ ನಗರ ರಸ್ತೆಯಲ್ಲಿ ಅರವತ್ತೈದು ಎಪ್ಪತ್ತು ಕಿಲೋಮೀಟರ್ ದೂರ, ಘೋಡ ನದಿಯ ದಂಡೆಯ ಮೇಲಿದೆ, ಹಳಬರು ಇಂದಿಗೂ ಘೋಡನದಿ ಎಂದೇ ಕರೆಯುತ್ತಾರೆ ಎಂದು ಒಬ್ಬೊಬ್ಬರಿಗೂ ವಿವರಿಸಿದೆ. ಕೊನೆಗೆ "ನಾವೆಲ್ಲಾ ಅರಾಮ ಅದೀವಿ" ಎಂದೆ.

ಅದು ಸುಳ್ಳು. ಅದೇ ವಾರ ನನ್ನ ತಮ್ಮನಿಗೆ ಕೆಟಮೀನ್ ಕೊಡಿಸುವುದೋ ಬೇಡವೋ ಎಂದು ನಾವು ತೀರ್ಮಾನ ಮಾಡಬೇಕಿತ್ತು.

ಇದನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬರೆದದ್ದನ್ನು ಮೊದಲು ಓದಿದವನೂ ಅವನೇ. ಹೆಸರು ಬೇಡ ಎಂದ. ಅವನ ಹೆಸರಿಲ್ಲದ ಮೇಲೆ ಡಾಕ್ಟರ ಹೆಸರೂ, ಕ್ಲಿನಿಕ್ಕಿನ ಹೆಸರೂ ಬೇಕಿಲ್ಲ.

ಗದಗಿನಲ್ಲಿ ನಮ್ಮ ಅಪ್ಪನದು ಸಣ್ಣ ಪ್ರಿಂಟಿಂಗ್ ಪ್ರೆಸ್. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು; ದೊಡ್ಡ ದೊಡ್ಡ ಪ್ರೆಸ್ಸುಗಳ ನಡುವೆ ನಮ್ಮದು ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಮಾಡಿಕೊಂಡು ಬದುಕಿದ ಅಂಗಡಿ. ನಾನು ಓದಿ, ಸ್ನಾತಕೋತ್ತರ ಪದವಿ ಮುಗಿಸಿ, ಸಾಫ್ಟ್‌ವೇರ್ ಕೆಲಸ ಹಿಡಿದು ಪುಣೆಗೆ ಬಂದೆ. ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮ ಡಿಪ್ಲೊಮಾ ಮುಗಿಸಿದರೂ ಅಪ್ಪನ ಜೊತೆ ಪ್ರೆಸ್ಸಿನಲ್ಲೇ ಉಳಿದ. ಒಂದು ಹಳೆಯ ಆಫ್‌ಸೆಟ್ ಮಷಿನ್, ಮೂಲೆಯಲ್ಲಿ ಅಜ್ಜನ ಕಾಲದ ಟ್ರೆಡಲ್, ಮರದ ಖಾನೆಗಳಲ್ಲಿ ಅಚ್ಚಿನ ಮೊಳೆಗಳು. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ, ಅಪ್ಪ ಹೋದರು. ಲೆಕ್ಕ ತೆಗೆದು ನೋಡಿದರೆ ಅಂಗಡಿಯ ಮೇಲೆ ಸಾಲವಿತ್ತು. ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಕಳಿಸುವ ಕಾಲ ಬಂದಿತ್ತು. ನಾನು ಮೂರು ವಾರ ರಜೆ ಹಾಕಿ ಹೋದೆ. ಸಾಲ ತೀರಿಸಿದೆ, ಮಷಿನುಗಳನ್ನು ಮಾರಿದೆ, ಮೊಳೆಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದೆ, ಬಾಡಿಗೆ ಅಂಗಡಿ ಬಿಟ್ಟುಕೊಟ್ಟೆ. ನನ್ನ ಹೆಂಡತಿ ಕೆಲಸ ಮಾಡುವ ರಾಂಜಣಗಾವ್ ಎಂಐಡಿಸಿಯ ಇನ್ನೊಂದು ಕಾರ್ಖಾನೆಯಲ್ಲಿ, ಸ್ಟೋರ್ಸ್ ವಿಭಾಗದಲ್ಲಿ, ತಮ್ಮನಿಗೆ ಕೆಲಸ ಹುಡುಕಿದೆ. ಎಲ್ಲರೂ ಮೆಚ್ಚಿದರು. ಮನೆಯ ಹಿರಿಮಗ ಹೀಗಿರಬೇಕು ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ.

2023ರಲ್ಲಿ ಅವನು ಮೆಲ್ಲಗೆ ಇಲ್ಲವಾಗತೊಡಗಿದ. ಬೇರೆ ರೀತಿಯಲ್ಲಿ ಹೇಳಲು ನನಗೆ ಬರುತ್ತಿಲ್ಲ. ರಾತ್ರಿ ಮೂರಕ್ಕೆ ಎದ್ದು ಕೂರುತ್ತಿದ್ದ. ಊಟ ಬಿಟ್ಟ. ಗಡ್ಡ ಬಿಟ್ಟ. ಶಿಫ್ಟಿಗೆ ಹೋಗುವುದನ್ನು ಬಿಟ್ಟ. ಕೇಳಿದರೆ "ಏನಿಲ್ಲ ಅಣ್ಣಾ, ಠೀಕ್ ಐತಿ" ಎನ್ನುತ್ತಿದ್ದ. ಥೈರಾಯ್ಡ್ ನೋಡಿಸಿದೆವು, ಸಕ್ಕರೆ ನೋಡಿಸಿದೆವು, ರಾಂಜಣಗಾವ್‌ನ ಮಹಾಗಣಪತಿಗೆ ಹರಕೆ ಹೊತ್ತೆವು. ಮನೋವೈದ್ಯರ ಹತ್ತಿರ ಹೋಗುವಷ್ಟರಲ್ಲಿ ಐದು ತಿಂಗಳು ಕಳೆದಿದ್ದವು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಖಿನ್ನತೆ ಬಂದಿರುತ್ತದೆ. ಬಂದವರಲ್ಲಿ ನೂರಕ್ಕೆ ಎಂಬತ್ತೈದು ಮಂದಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ವಿದ್ಯಾವಂತರ ಮನೆ ನಮ್ಮದು, ಆದರೂ ಐದು ತಿಂಗಳು ನಾವು ಆ ಎಂಬತ್ತೈದರಲ್ಲೇ ಇದ್ದೆವು.

ಮೊದಲ ಔಷಧ ಎಂಟು ವಾರ. ಪ್ರಮಾಣ ಏರಿಸಿದರು. ಬದಲಿಸಿದರು. ಇನ್ನೊಂದನ್ನು ಜೊತೆಗೆ ಕೊಟ್ಟರು. ಬಾಯಿ ಒಣಗಿತು, ನಿದ್ದೆ ಸ್ವಲ್ಪ ಸರಿಹೋಯಿತು, ಮನಸ್ಸು ಇದ್ದಲ್ಲೇ ಇತ್ತು. ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸರಿಯಾದಷ್ಟು ದಿನ ಕೊಟ್ಟರೂ ಜಗ್ಗದ ಖಿನ್ನತೆಗೆ ವೈದ್ಯಕೀಯದಲ್ಲಿ ಬೇರೆ ಹೆಸರೇ ಇದೆ. ಇದು ಅಪರೂಪವೂ ಅಲ್ಲ. ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮೊದಲ ಔಷಧದಿಂದಲೇ ಪೂರ್ಣ ಚೇತರಿಸಿಕೊಂಡವರು ಮೂರರಲ್ಲಿ ಒಬ್ಬರು. ಮುಂದಿನ ಒಂದೊಂದು ಹೆಜ್ಜೆಗೂ ಆ ಅವಕಾಶ ಕಡಿಮೆಯಾಗುತ್ತಾ ಹೋಗಿತ್ತು.

ನಮ್ಮ ಡಾಕ್ಟರು ಮರಾಠಿಗರು. ಕಲಿಯುವ ಕಾಲದಲ್ಲಿ ಕೆಲ ದಿನ ಬೆಂಗಳೂರಿನಲ್ಲಿದ್ದವರು, ತಮ್ಮನನ್ನು ಕಂಡಾಗಲೆಲ್ಲ "ಊಟ ಆಯ್ತಾ?" ಎಂದು ಕೇಳಿ, ತಮ್ಮ ಕನ್ನಡ ಅಲ್ಲಿಗೆ ಮುಗಿಯಿತು ಎಂಬಂತೆ ನಗುತ್ತಿದ್ದರು. ವಾರಕ್ಕೆ ಮೂರು ದಿನ ಪುಣೆ, ಮೂರು ದಿನ ಶಿರೂರು. ಅವರು ನಮ್ಮ ಮುಂದೆ ಮೂರು ದಾರಿ ಇಟ್ಟರು. ಲಿಥಿಯಂ ಸೇರಿಸಿ ನೋಡುವುದು. ಇಸಿಟಿ, ಅಂದರೆ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ. ಅಥವಾ ಕೆಟಮೀನ್. ಇಸಿಟಿ ಎಂದೊಡನೆ ತಮ್ಮ ತಲೆ ಅಲ್ಲಾಡಿಸಿದ. ಸಿನಿಮಾಗಳು ತೋರಿಸಿದ್ದನ್ನೇ ಅವನು ನೋಡಿದ್ದು. ಅದು ಒಳ್ಳೆಯ ಚಿಕಿತ್ಸೆ, ಸಿನಿಮಾದ ಹಾಗಿಲ್ಲ ಎಂದು ಡಾಕ್ಟರು ಹೇಳಿದರೂ ಒಪ್ಪಲಿಲ್ಲ.

ಕೆಟಮೀನ್ ಎಂದರೆ ನನಗೆ ಗೊತ್ತಿದ್ದದ್ದು ಎರಡೇ. ರೇವ್ ಪಾರ್ಟಿಗಳ ಸುದ್ದಿ. ಮತ್ತು 'ಫ್ರೆಂಡ್ಸ್' ಧಾರಾವಾಹಿಯ ನಟ ಮ್ಯಾಥ್ಯೂ ಪೆರಿ 2023ರ ಅಕ್ಟೋಬರಿನಲ್ಲಿ ತೀರಿಕೊಂಡದ್ದು. ಊರಲ್ಲಿ ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ಅಮಲಿನ ಔಷಧ ಕೊಡಸ್ತೀಯೇನಪಾ ನಿನ್ನ ತಮ್ಮಗ?" ಎಂದಳು. ಉತ್ತರ ಹೊಳೆಯಲಿಲ್ಲ. ರಾತ್ರಿ ಕೂತು ಓದಲು ಶುರುಮಾಡಿದೆ.

ಓದಿದಂತೆ ತಿಳಿದದ್ದು ಇಷ್ಟು. 1962ರಲ್ಲಿ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞ ತಯಾರಿಸಿದ ಅರಿವಳಿಕೆ ಅದು. 1970ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದು ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಬಳಕೆಯಾಯಿತು. ಬೇರೆ ಅರಿವಳಿಕೆಗಳಷ್ಟು ಉಸಿರಾಟವನ್ನು ಕುಗ್ಗಿಸುವುದಿಲ್ಲವಾದ್ದರಿಂದ ದೊಡ್ಡ ಸೌಲಭ್ಯಗಳಿಲ್ಲದ ಆಸ್ಪತ್ರೆಗಳಲ್ಲಿ ಇಂದಿಗೂ ಅದೇ ಆಸರೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದವರು ಬೆರಳೆಣಿಕೆಯ ರೋಗಿಗಳಿಗೆ ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಖಿನ್ನತೆ ಕೆಲವೇ ದಿನಗಳಲ್ಲಿ ಇಳಿದದ್ದು ಕಂಡಿತು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕಾರ್ಲೋಸ್ ಜರಾಟೆ ಮತ್ತು ತಂಡ ಔಷಧಗಳಿಗೆ ಜಗ್ಗದವರಿಗೇ ಕೊಟ್ಟರು. ಕೆಟಮೀನ್ ಪಡೆದ 17 ಮಂದಿಯಲ್ಲಿ ನೂರಕ್ಕೆ 71ರಷ್ಟು ಜನರಿಗೆ ಮರುದಿನವೇ ಗುಣ ಕಂಡಿತು. ಒಂದು ವಾರದ ತನಕ ಅದು ಉಳಿದದ್ದು ನೂರಕ್ಕೆ 35ರಷ್ಟು ಜನರಿಗೆ.

ಈ ಎರಡು ಅಂಕಿಗಳ ಮೇಲೆ ನಾನು ಬಹಳ ಹೊತ್ತು ಕೂತಿದ್ದೆ. ಬಾಗಿಲು ಬೇಗ ತೆರೆಯುತ್ತದೆ, ಬೇಗ ಮುಚ್ಚಿಕೊಳ್ಳುತ್ತದೆ.

ನಮ್ಮ ದೇಶದ್ದೇನಾದರೂ ಇದೆಯೇ ಎಂದು ಹುಡುಕಿದಾಗ ಸಿಕ್ಕಿದ್ದು ಬೆಂಗಳೂರು. ನಿಮ್ಹಾನ್ಸ್‌ನ ಡಾ. ಚಿತ್ತರಂಜನ್ ಆಂಡ್ರೇಡ್ 2017ರಲ್ಲಿ ಖಿನ್ನತೆಗೆ ಕೆಟಮೀನ್ ಕೊಡುವ ಬಗ್ಗೆ ಸರಣಿ ಲೇಖನಗಳನ್ನೇ ಬರೆದಿದ್ದಾರೆ: ಎಷ್ಟು, ಯಾವ ವೇಗದಲ್ಲಿ, ಯಾವ ಮಾರ್ಗದಿಂದ, ಎಷ್ಟು ಸಲ. ಗೀಳು ರೋಗಕ್ಕೆ ಕೆಟಮೀನ್ ಕೊಟ್ಟ ಅನುಭವವನ್ನೂ ಅಲ್ಲಿಯ ವೈದ್ಯರು 2020ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ನಾಡಿನಲ್ಲೇ ಇದನ್ನು ಬಲ್ಲವರಿದ್ದಾರೆ ಎಂದು ತಿಳಿದಾಗ ಎದೆಯ ಭಾರ ಸ್ವಲ್ಪ ಇಳಿಯಿತು. 2023ರಲ್ಲಿ ಡಾ. ಅಮಿತ್ ಆನಂದ್ ಮತ್ತು ತಂಡ ಅಮೆರಿಕದಲ್ಲಿ ಕೆಟಮೀನ್ ಮತ್ತು ಇಸಿಟಿಯನ್ನು ಹೋಲಿಸಿ ನೋಡಿದ ಅಧ್ಯಯನವೂ ಸಿಕ್ಕಿತು. ಭ್ರಮೆಗಳಿಲ್ಲದ, ಔಷಧಕ್ಕೆ ಜಗ್ಗದ ಖಿನ್ನತೆಯಲ್ಲಿ ಕೆಟಮೀನಿಗೆ ಸ್ಪಂದಿಸಿದವರು ನೂರಕ್ಕೆ 55, ಇಸಿಟಿಗೆ 41. ಅವ್ವನಿಗೆ ಮತ್ತೆ ಫೋನು ಮಾಡಿ, ಇದು ಆಪರೇಷನ್ನಿಗೆ ಕೊಡುವ ಔಷಧ, ಬಹಳ ಕಡಿಮೆ ಕೊಡುತ್ತಾರೆ, ಡಾಕ್ಟರು ಪಕ್ಕದಲ್ಲೇ ಇರುತ್ತಾರೆ ಎಂದೆ. "ನೀ ನೋಡಿ ಮಾಡ್ತಿ ಅಂದ್ರ ಮಾಡಪಾ" ಎಂದಳು. ನಮ್ಮ ಮನೆಯಲ್ಲಿ ಎಲ್ಲವೂ ನಾನು ನೋಡಿ ಮಾಡಿದ್ದೇ.

ಆ ಕ್ಲಿನಿಕ್ಕಿಗೂ ಇದು ಹೊಸದು. ತಮ್ಮ ಅಲ್ಲಿ ಎರಡನೇ ರೋಗಿ. ಹಿಂದೆ ಔಷಧದ ಪೆಟ್ಟಿಗೆಗಳನ್ನಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಒರಗುವ ಕುರ್ಚಿ, ರಕ್ತದೊತ್ತಡ ಮತ್ತು ಆಮ್ಲಜನಕ ತೋರಿಸುವ ಮಾನಿಟರ್, ಹನಿ ಹನಿಯಾಗಿ ಔಷಧ ಬಿಡುವ ಪಂಪು ತಂದಿಟ್ಟಿದ್ದರು. ಹತ್ತಿರದ ನರ್ಸಿಂಗ್ ಹೋಮಿನ ಅರಿವಳಿಕೆ ತಜ್ಞರು ಆ ದಿನ ಬರುವುದೆಂದು ಗೊತ್ತುಮಾಡಿದ್ದರು. ಕೆಟಮೀನ್ 2011ರಿಂದ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ, 2013ರಿಂದ ಎಕ್ಸ್ ಶೆಡ್ಯೂಲಿನ ಔಷಧ. ಬೀಗದೊಳಗೆ ಇಡಬೇಕು, ಲೆಕ್ಕ ಇಡಬೇಕು. ಔಷಧದ ಬೆಲೆ ನಮ್ಮಲ್ಲಿ ಹೆಚ್ಚೇನಲ್ಲ. ಖರ್ಚೆಲ್ಲ ಕೋಣೆಯದು, ಯಂತ್ರದ್ದು, ಅರ್ಧ ದಿನ ಒಬ್ಬನ ಪಕ್ಕ ಕೂರುವ ಮೂವರು ನಾಲ್ವರದು. ನನ್ನ ಕಂಪನಿಯ ವಿಮೆಯಲ್ಲಿ ಒಡಹುಟ್ಟಿದವರಿಗೆ ಜಾಗವಿರಲಿಲ್ಲ. ಇದ್ದಿದ್ದರೂ ಹೊರರೋಗಿ ಚಿಕಿತ್ಸೆಗೆ ಅದು ಬರುತ್ತಿರಲಿಲ್ಲ.

ಡಾಕ್ಟರು ಒಂದು ವಿಷಯ ಒತ್ತಿ ಹೇಳಿದರು. ಔಷಧ ಒಂದೇ ಸಾಲದು, ಜೊತೆಗೆ ಮಾತು ಬೇಕು. ಮುಂಚೆ ಒಂದೆರಡು ಬಾರಿ ಕೂತು ಮಾತಾಡಿ ಮನಸ್ಸು ಸಿದ್ಧಮಾಡಬೇಕು. ಔಷಧ ಕೊಡುವಾಗ ಪಕ್ಕದಲ್ಲಿರಬೇಕು. ಮರುದಿನ ಮತ್ತೆ ಮಾತಾಡಬೇಕು. ಮಾತು ಸೇರಿಸುವುದರಿಂದ ಎಷ್ಟು ಹೆಚ್ಚು ಗುಣವಾಗುತ್ತದೆ ಎಂಬುದಕ್ಕೆ ಔಷಧಕ್ಕಿರುವಷ್ಟು ಪುರಾವೆ ಇನ್ನೂ ಇಲ್ಲ ಎಂದೂ ಮುಚ್ಚಿಡದೆ ಹೇಳಿದರು. ಆದರೂ ಆ ಕೆಲವು ದಿನ ಮನಸ್ಸು ಸಡಿಲವಾಗಿರುತ್ತದೆ, ಬಿಗಿದುಕೊಂಡದ್ದನ್ನು ಬಿಡಿಸಲು ಅದೇ ಹೊತ್ತು ಎಂದರು. ಈ ಕೆಲಸಕ್ಕೆ ಪುಣೆಯಿಂದ ಒಬ್ಬ ಯುವ ಮನಶ್ಶಾಸ್ತ್ರಜ್ಞೆ ಬರುತ್ತಿದ್ದರು. ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ನೀರು ಕುಡಿದಂತೆ. ಕನ್ನಡವಿಲ್ಲ.

"ನೀವಿದ್ದೀರಲ್ಲ, ನೀವೇ ಅನುವಾದ ಮಾಡಿಬಿಡಿ" ಎಂದರು. ನಾನು ಸಂತೋಷದಿಂದ ಒಪ್ಪಿಕೊಂಡೆ. ಕೈಕಟ್ಟಿ ಕೂರುವುದಕ್ಕಿಂತ ಏನಾದರೂ ಕೆಲಸ ಸಿಕ್ಕಿತಲ್ಲ ಎನಿಸಿತು.

ಮೊದಲ ಕೆಲಸ ಒಪ್ಪಿಗೆ ಪತ್ರ. ಅದು ಮರಾಠಿ ಮತ್ತು ಇಂಗ್ಲಿಷಿನಲ್ಲಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಒಪ್ಪಿಗೆಯನ್ನು ವಿವರಿಸುವಾಗ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಟ್ಟಿರಬೇಕು ಎನ್ನುತ್ತದೆ. ರಾತ್ರಿ ಕೂತು ಕನ್ನಡಕ್ಕೆ ಇಳಿಸಿದೆ. ರಕ್ತದೊತ್ತಡ ಏರಬಹುದು, ವಾಕರಿಕೆ ಬರಬಹುದು, ಅಲ್ಲಿಯ ತನಕ ಸರಾಗ. 'ಡಿಸೋಸಿಯೇಷನ್' ಎಂಬಲ್ಲಿ ನಿಂತೆ. ಕೊನೆಗೆ "ನೀವು ನಿಮ್ಮ ಮೈಯಿಂದ ದೂರ ನಿಂತು ನೋಡುತ್ತಿರುವಂತೆ ಅನ್ನಿಸಬಹುದು, ಹೆದರಬೇಡಿ, ಅದು ಒಂದೆರಡು ತಾಸಿನಲ್ಲಿ ಇಳಿಯುತ್ತದೆ" ಎಂದು ಬರೆದೆ. ಅದನ್ನು ಓದಿ ತಮ್ಮ, "ಈಗೂ ಹಂಗ ಅನಸ್ತೈತಿ" ಎಂದ.

ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲಿ ಮೊದಲೇ ಇತ್ತು. ಪ್ರಿಂಟ್ ತೆಗೆದು ಅವನ ಎದುರು ಕೂತು ಒಂದೊಂದೇ ಓದಿದೆ. ಒಂಬತ್ತನೆಯದು ಸಾಯುವ ಯೋಚನೆಯ ಬಗ್ಗೆ. ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದು ನಾನು ಅವನನ್ನು ಕೇಳದೇ ಉಳಿದ ಪ್ರಶ್ನೆ ಅದು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಎಂದು ಹೆದರಿದ್ದೆ. ಹಾಗಾಗುವುದಿಲ್ಲ, ಕೇಳಬೇಕು ಎಂದು ಡಾಕ್ಟರು ಹೇಳಿದ್ದರು. ಕೇಳಿದೆ. ಅವನು ಪೆನ್ನು ತೆಗೆದುಕೊಂಡು "ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ" ಎಂಬಲ್ಲಿ ಗುರುತು ಹಾಕಿದ. ಒಟ್ಟು ಅಂಕ 27ಕ್ಕೆ 22. ಆ ರಾತ್ರಿ ನಾನೂ ಮೂರಕ್ಕೆ ಎದ್ದು ಕೂತೆ. ಬೆಳಿಗ್ಗೆ ಮೊದಲು ಮಾಡಿದ್ದು ಡಾಕ್ಟರಿಗೆ ಫೋನು. ಅಂದಿನಿಂದ ಅವನನ್ನು ಒಬ್ಬನೇ ಇರಲು ಬಿಡಲಿಲ್ಲ.

ಜುಲೈ ಕೊನೆಯ ವಾರ ಚಿಕಿತ್ಸೆ ಶುರುವಾಯಿತು. ವಾರಕ್ಕೆ ಎರಡರಂತೆ ಮೂರು ವಾರ, ಒಟ್ಟು ಆರು. ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಂ ಲೆಕ್ಕ. ಅವನ 58 ಕಿಲೋಗೆ 29 ಮಿಲಿಗ್ರಾಂ, ನಲವತ್ತು ನಿಮಿಷದಲ್ಲಿ. ಆಮೇಲೆ ಎರಡು ತಾಸು ಅಲ್ಲೇ ವಿಶ್ರಾಂತಿ. ಮನೆಗೆ ಯಾರಾದರೂ ಕರೆದುಕೊಂಡು ಹೋಗಬೇಕು, ಮರುದಿನದ ತನಕ ಗಾಡಿ ಓಡಿಸುವಂತಿಲ್ಲ.

ಮೊದಲ ಸಲ ವಾಂತಿಯಾಯಿತು. ಎರಡನೇ ಸಲ "ಮೈ ಅರಳಿ ಹಂಗ ಹಗೂರ ಆಗಿತ್ತು" ಎಂದ. ಮಾತಿನ ಹೊತ್ತಿನಲ್ಲಿ ಮಾತ್ರ ಏನೂ ಬರಲಿಲ್ಲ. ಮನಶ್ಶಾಸ್ತ್ರಜ್ಞೆ ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು, ಅವನು ಒಮ್ಮೆ ನನ್ನ ಮುಖ ನೋಡಿ "ಠೀಕ್ ಐತಿ" ಎನ್ನುವುದು. ಕೆಲವೊಮ್ಮೆ ನನ್ನನ್ನು ಬಿಟ್ಟು ಅವನೇ ಹಿಂದಿಯಲ್ಲಿ "ಠೀಕ್ ಹೈ ಮೇಡಮ್" ಎನ್ನುತ್ತಿದ್ದ. ಕಾರ್ಖಾನೆಯ ಹಿಂದಿ ಅದು. ಲೋಡಿಂಗ್, ಅನ್‌ಲೋಡಿಂಗ್, ಸಂಬಳ, ರಜೆ, ಇವಕ್ಕೆ ಸಾಕಾಗುವಷ್ಟು.

ಮೂರನೆಯ ಸಲ, ಪಂಪು ಶುರುವಾಗಿ ಇಪ್ಪತ್ತು ನಿಮಿಷವಾಗಿರಬೇಕು, ಕಣ್ಣುಪಟ್ಟಿ ಕಟ್ಟಿಕೊಂಡಿದ್ದವನು ತುಟಿ ಅಲ್ಲಾಡಿಸತೊಡಗಿದ. ಹೊರಗೆ ಬೆಂಚಿನ ಮೇಲಿದ್ದ ನನ್ನನ್ನು ಒಳಗೆ ಕರೆದರು. ಹತ್ತಿರ ಬಾಗಿದೆ.

"ಕಾಗದ ತೊಯ್ಯಾಕತ್ತಾವು, ಸರಸ್ರಿ" ಎನ್ನುತ್ತಿದ್ದ. ನನಗೆ ತಕ್ಷಣ ಗೊತ್ತಾಯಿತು. ಮಳೆಗಾಲದಲ್ಲಿ ಪ್ರೆಸ್ಸಿನ ತಗಡು ಸೋರುತ್ತಿತ್ತು. ಅಪ್ಪನೂ ಇವನೂ ರೀಮುಗಳನ್ನು ಹೊತ್ತು ಒಣ ಮೂಲೆಗೆ ಇಡುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಅಣ್ಣಗ ಹೇಳಬ್ಯಾಡ್ರಿ ಅಪ್ಪಾ. ಅವ ಮಾರತಾನ."

ಮನಶ್ಶಾಸ್ತ್ರಜ್ಞೆ ನನ್ನ ಕಡೆ ನೋಡಿದರು. ಏನು ಹೇಳುತ್ತಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು.

"ನಮ್ಮ ತಂದೆಯ ಪ್ರೆಸ್ಸು ನೆನಪಾಗಿದೆ, ಮಳೆ ಬಂದು ಕಾಗದ ತೊಯ್ಯುತ್ತಿದೆ ಅಂತಿದಾನೆ" ಎಂದೆ.

"ಅಷ್ಟೇನಾ?"

"ಅಷ್ಟೇ."

ಅವರು ಬರೆದುಕೊಂಡರು.

ಆ ಸಂಜೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ಔಷಧಕ್ಕೆ ಅನ್ಯಾಯವಾಗುತ್ತದೆ. ಏಳರ ಹೊತ್ತಿಗೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ವೈನಿ, ಗಿರಮಿಟ್ಟು ಮಾಡ್ತೀರೇನ್ರಿ?" ಎಂದ. ಹನ್ನೊಂದು ತಿಂಗಳಲ್ಲಿ ತಾನಾಗಿ ಕೇಳಿದ ಮೊದಲ ತಿಂಡಿ. ನನ್ನ ಹೆಂಡತಿ ಮಳೆಯಲ್ಲೇ ಓಡಿ ಹೋಗಿ ಚುರುಮುರಿ ತಂದಳು. ಇಲ್ಲಿಯ ಚುರುಮುರಿ ನಮ್ಮ ಕಡೆಯಂತಿರುವುದಿಲ್ಲ. "ಭಾಳ ಗರಿಗರಿ ಐತಿ" ಎಂದು ತಕರಾರು ತೆಗೆದ. ಎರಡು ಪ್ಲೇಟು ತಿಂದ. ಅವಳು ಒಳಗೆ ಹೋಗಿ ಅತ್ತಳು. ಇಂಥ ದಿನ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಆ ಒಂದೂವರೆ ವರ್ಷ ನಾವು ನಂಬುತ್ತಿರಲಿಲ್ಲ.

ನನಗೆ ಮಾತ್ರ ಗಿರಮಿಟ್ಟು ಗಂಟಲಿಗಿಳಿಯಲಿಲ್ಲ. ಮನಸ್ಸು ಸಡಿಲವಾಗುವ ಕೆಲವೇ ದಿನ ಎಂದು ಡಾಕ್ಟರು ಹೇಳಿದ್ದರು. ಅಂಥ ದಿನ ಅವನ ಬಾಯಿಂದ ಬಂದ ಒಂದೇ ಒಂದು ನಿಜವಾದ ಮಾತನ್ನು ನಾನು ಬಾಗಿಲಲ್ಲೇ ತಡೆದು ವಾಪಸು ಕಳಿಸಿದ್ದೆ. ಅದು ನನ್ನ ಬಗ್ಗೆ ಇತ್ತು ಎಂಬ ಒಂದೇ ಕಾರಣಕ್ಕೆ. ಅವನ ಫೈಲಿನಲ್ಲಿ ಈಗ ನನ್ನ ಕೈ ಸೇರಿದ ಒಂದು ಸಾಲು ಇತ್ತು. ಮರುದಿನದ ಮಾತುಕತೆಯಲ್ಲೂ ನಾನೇ ನಡುವೆ ಕೂತಿದ್ದೆ. ಪ್ರತಿ ಉತ್ತರಕ್ಕೂ ಮೊದಲು ಅವನು ನನ್ನ ಮುಖ ನೋಡುವುದನ್ನು ಆಗ ಎಣಿಸಿದೆ. ಹನ್ನೊಂದು ಸಲ. ಹಿಂದಿನ ವಾರಗಳಲ್ಲೂ ನೋಡಿರಬೇಕು; ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಸೋಮವಾರ ಆಫೀಸಿಗೆ ಹೋಗುವ ದಾರಿಯಲ್ಲಿ, ವಾಘೋಲಿಯ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ಡಾಕ್ಟರಿಗೆ ಫೋನು ಮಾಡಿ ಅವನು ಅಂದದ್ದನ್ನು ಪೂರ್ತಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯವರನ್ನು ಈ ಕೆಲಸಕ್ಕೆ ಕೂರಿಸಿದ್ದು ನಮ್ಮ ತಪ್ಪು" ಎಂದರು. "ಯಂತ್ರ ತಂದೆವು, ತಜ್ಞರನ್ನು ಕರೆಸಿದೆವು. ಅವರ ಭಾಷೆ ಬಲ್ಲವರನ್ನು ಕರೆಸುವುದು ಪಟ್ಟಿಯಲ್ಲೇ ಇರಲಿಲ್ಲ." ಆಮೇಲೆ ಇನ್ನೊಂದು ಹೇಳಿದರು. ನನ್ನ ತಪ್ಪನ್ನು ಅವರ ಬಳಿ ಹೇಳಿಕೊಂಡರೆ ಸಾಲದು.

ಸಂಜೆ ತಮ್ಮನ ಪಕ್ಕ ಕೂತು ಹೇಳಿದೆ. ಔಷಧದ ಹೊತ್ತಿನಲ್ಲಿ ನೀನೊಂದು ಮಾತು ಅಂದಿ, ಅದನ್ನ ನಾನು ಅವರಿಗೆ ಹೇಳಲಿಲ್ಲ, ತಪ್ಪಾಯ್ತು ಎಂದೆ.

"ಗೊತ್ತೈತಿ" ಎಂದ. "ನಾ ಅಂದಿದ್ದು ನನಗ ಕೇಳಸ್ತಿತ್ತು. ನೀ ಅಂದಿದ್ದೂ ಕೇಳಸ್ತು."

ಈ ಪ್ರಮಾಣದಲ್ಲಿ ಎಚ್ಚರ ಪೂರ್ತಿ ತಪ್ಪುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ನಾನೇ ಕನ್ನಡದಲ್ಲಿ ಬರೆದಿದ್ದ ಸಾಲು ಅದು.

ಪುಣೆಯ ಮನಶ್ಶಾಸ್ತ್ರಜ್ಞೆ ತಮ್ಮ ಪರಿಚಯದವರ ಮೂಲಕ ಬೆಂಗಳೂರಿನಲ್ಲಿ ಕನ್ನಡ ಮಾತಾಡುವ ಒಬ್ಬರನ್ನು ಹುಡುಕಿದರು. ಧಾರವಾಡ ಕಡೆಯ ಹೆಣ್ಣುಮಗಳು, ವಿಡಿಯೊದಲ್ಲಿ ಮೊದಲ ಸಲ ಕಂಡಾಗ "ಏನ್ರೀ, ಗದಗಿನೊಳಗ ಎಲ್ಲಿ ಆತು ನಿಮ್ಮದು?" ಎಂದು ಕೇಳಿದ್ದಷ್ಟೇ ನನಗೆ ಕೇಳಿಸಿದ್ದು. ನಾನು ಕೋಣೆಯಿಂದ ಹೊರಗೆ ಬಂದು ಬಾಗಿಲು ಹಾಕಿದೆ. ನಾಲ್ಕನೆಯ ಚಿಕಿತ್ಸೆಯಿಂದ ಮುಂದೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಮೊದಲ ದಿನ ನಲವತ್ತು ನಿಮಿಷ, ಆಮೇಲಾಮೇಲೆ ಒಂದು ತಾಸು ದಾಟುತ್ತಿತ್ತು. ಒಮ್ಮೆ ಅಳು ಕೇಳಿಸಿತು. ಎದ್ದು ಬಾಗಿಲ ತನಕ ಹೋದವನನ್ನು ಸಿಸ್ಟರ್ ಕೈ ಸನ್ನೆ ಮಾಡಿ ಕೂರಿಸಿದರು. ನಮ್ಮ ಮನೆಯಲ್ಲಿ ನಾನು ನೋಡದೆ, ನಾನು ಮಾಡದೆ ನಡೆದ ಮೊದಲ ಕೆಲಸ ಅದಿರಬೇಕು.

ಆರು ಮುಗಿದಾಗ ಅಂಕ 22ರಿಂದ 9ಕ್ಕೆ ಇಳಿದಿತ್ತು. ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಇದನ್ನು ಜಯಗಾಥೆಯಂತೆ ಓದಬೇಡಿ. ನವೆಂಬರಿನಲ್ಲಿ ಮತ್ತೆ 14ಕ್ಕೆ ಏರಿತು, ಇನ್ನೂ ಎರಡು ಸಲ ಕೆಟಮೀನ್ ಕೊಡಬೇಕಾಯಿತು. ಮಾತ್ರೆಗಳು ಈಗಲೂ ಇವೆ. ವಾರಕ್ಕೊಮ್ಮೆ ಇದ್ದ ವಿಡಿಯೊ ಮಾತು ಈಗ ತಿಂಗಳಿಗೆರಡು ಸಲ. ಔಷಧ ಎಷ್ಟು, ಮಾತು ಎಷ್ಟು, ಕಾಲ ಎಷ್ಟು ಕೆಲಸ ಮಾಡಿತು ಎಂದು ಒಬ್ಬನೇ ರೋಗಿಯನ್ನು ನೋಡಿ ಬಿಡಿಸಿ ಹೇಳಲಾಗದು. ಔಷಧವಿಲ್ಲದೆ ಅವನು ಬಾಯಿ ತೆರೆಯುತ್ತಿರಲಿಲ್ಲ ಎಂದು ಮಾತ್ರ ನಾನು ಬಲ್ಲೆ. ಬಾಯಿ ತೆರೆದಾಗ ಎದುರಿಗೆ ಕೂತಿದ್ದವನು ನಾನೇ ಆಗಿದ್ದರೆ ಅವನು ಮತ್ತೆ ಮುಚ್ಚಿಕೊಳ್ಳುತ್ತಿದ್ದ ಎಂಬುದನ್ನೂ ಬಲ್ಲೆ.

ದೊಡ್ಡ ಊರುಗಳಲ್ಲಿ ಈ ಚಿಕಿತ್ಸೆ ಈಗ ಅಲ್ಲಲ್ಲಿ ಸಿಗುತ್ತಿದೆ. ನಿಮ್ಮ ಮನೆಗೂ ಈ ಪ್ರಶ್ನೆ ಬಂದರೆ, ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ. ಬೇರೆ ಔಷಧಗಳನ್ನು ಸರಿಯಾಗಿ ಕೊಟ್ಟು ನೋಡಿದ್ದಾರೆಯೇ? ರಕ್ತದೊತ್ತಡ, ಹೃದಯ, ಹಿಂದೆ ಭ್ರಮೆಯ ಕಾಯಿಲೆ ಇತ್ತೇ, ಇವನ್ನೆಲ್ಲ ವಿಚಾರಿಸಿದರೇ? ಔಷಧ ಇಳಿಯುವ ತನಕ ಪಕ್ಕದಲ್ಲಿ ಯಾರು ಇರುತ್ತಾರೆ? ಮೂಗಿಗೆ ಸಿಂಪಡಿಸುವ ಎಸ್ಕೆಟಮೀನಿಗೆ ಅಮೆರಿಕ 2019ರಲ್ಲಿ ಅನುಮತಿ ಕೊಟ್ಟಾಗಲೂ, ಕ್ಲಿನಿಕ್ಕಿನಲ್ಲೇ ತೆಗೆದುಕೊಂಡು ಕನಿಷ್ಠ ಎರಡು ತಾಸು ಅಲ್ಲೇ ಇರಬೇಕೆಂಬ ಷರತ್ತು ಹಾಕಿತು. ಪೆರಿಯ ಸಾವಿಗೆ ಕಾರಣವಾದದ್ದು ಕ್ಲಿನಿಕ್ಕಿನಲ್ಲಿ ಪಡೆದ ಔಷಧವಲ್ಲ, ಅದರ ಹೊರಗೆ ಮನೆಯಲ್ಲಿ ಪಡೆದದ್ದು. ಪದೇ ಪದೇ ದುರ್ಬಳಕೆ ಮಾಡಿದರೆ ಚಟವಾಗುತ್ತದೆ, ಮೂತ್ರಕೋಶ ಹಾಳಾಗುತ್ತದೆ. ಮತ್ತೆ, ಎಲ್ಲಕ್ಕಿಂತ ಮೊದಲು ನಾನು ಕೇಳಬೇಕಾಗಿದ್ದ ಪ್ರಶ್ನೆ: ಮಾತು ಯಾವ ಭಾಷೆಯಲ್ಲಿ? ಕನ್ನಡದಲ್ಲೇ ಬೇಕು ಎಂದು ಕೇಳಲು ನಾಚಬೇಡಿ. ಯಾರೊಂದಿಗೆ ಶುರುಮಾಡುವುದೆಂದೇ ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ, ಹಣವಿಲ್ಲದೆ, ಕನ್ನಡದಲ್ಲೂ ಮಾತಾಡುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಆ ನಂಬರಿಗೆ ಫೋನು ಮಾಡಿ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಘೋಡ ನದಿಯ ಕಡೆ ನಡೆದು ಹೋಗಿದ್ದೆವು. ಮಳೆ ನಿಂತಿತ್ತು, ನೀರು ಕೆಂಪಗಿತ್ತು. ಅವನೇ ಶುರುಮಾಡಿದ.

"ಮಷಿನ್ ಮಾರಿದ್ದು ತಪ್ಪಲ್ಲ ಅಣ್ಣಾ. ಸಾಲ ಇತ್ತು, ನನಗೂ ಗೊತ್ತು. ನೀ ಕೇಳಿದ್ರ ನಾನೂ ಮಾರು ಅಂತಿದ್ನೇನೋ."

ಸ್ವಲ್ಪ ಹೊತ್ತು ಬಿಟ್ಟು ಅಂದ, "ಆದ್ರ ಕೇಳಬೇಕಿತ್ತು."

ಹೌದು ಎಂದೆ. ಕೋವಿಡ್ ಕಾಲ, ಅವ್ವನ ಚಿಂತೆ, ಬಡ್ಡಿ ಏರುತ್ತಿದ್ದದ್ದು, ನನ್ನ ಹತ್ತಿರ ಕಾರಣಗಳು ಬಹಳ ಇದ್ದವು. ಯಾವುದನ್ನೂ ಹೇಳಲಿಲ್ಲ.

ಅವನು ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ಇಲ್ಲೇ ಇರುವುದೋ, ಗದಗಿಗೆ ಹೋಗಿ ಬೇರೆಯವರ ಪ್ರೆಸ್ಸಿನಲ್ಲಿ ಸೇರುವುದೋ ಇನ್ನೂ ತೀರ್ಮಾನಿಸಿಲ್ಲ. ಏನು ಮಾಡಬೇಕೆಂದಿದ್ದೀಯ ಎಂದು ಕೇಳಿದ್ದೇನೆ. ವಿಚಾರ ಮಾಡ್ತೀನಿ ಎಂದಿದ್ದಾನೆ. ಅದಾಗಿ ನಾಲ್ಕು ತಿಂಗಳಾಯಿತು. ಇನ್ನೊಮ್ಮೆ ಕೇಳಿಲ್ಲ.